ಹೇಳಲಾಗದ ಜಾಗದ ತುರಿಕೆ

ಬಸ್ಸಿನ ಕಂಡಕ್ಟರನಿಗೆ ನಗುವಂಥ ಪ್ರಸಂಗಗಳು ದಿನಕ್ಕೊಂದು ಆಗುತ್ತಲೇ ಇರುತ್ತವೆ. ಆದರೆ ಆಗುವ ಹೊತ್ತಿನಲ್ಲಿ ಅವನೊಬ್ಬನಿಗೆ ನಗು ಬರುವುದಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಬೈಲಹೊಂಗಲದಿಂದ ಸವದತ್ತಿ ಹಾಯ್ದು ರಾಮದುರ್ಗಕ್ಕೆ ಹೋಗುವ ಬಸ್ಸಿನಲ್ಲಿ ಕಂಡಕ್ಟರನಾಗಿದ್ದೆ. ಸುಡುವ ಬೇಸಿಗೆ, ದಪ್ಪ ಖಾಕಿ ಪ್ಯಾಂಟು, ಮೈತುಂಬ ಬೆವರು. ತೊಡೆಸಂದಿಯಲ್ಲಿ ಶುರುವಾದ ತುರಿಕೆ ಮೆಲ್ಲಗೆ ಸರಿಯುತ್ತ ಹೋಗಿ, ಹೇಳಲಾಗದ ಜಾಗವನ್ನೂ ಮುಟ್ಟಿತು. ಹೊಸದಾಗಿ ಮದುವೆಯಾಗಿತ್ತು. ಹೆಂಡತಿಗೆ ಎಲ್ಲಿ ಹತ್ತೀತೋ ಎಂಬ ಅಂಜಿಕೆ ಒಂದು, ಹೇಳಿದರೆ ಏನು ತಿಳಿದುಕೊಳ್ಳುವಳೋ ಎಂಬ ಅಂಜಿಕೆ ಇನ್ನೊಂದು. ಹಾಸಿಗೆ ಎತ್ತಿಕೊಂಡು ಹೊರಗಿನ ಕಟ್ಟೆಗೆ ಬಂದೆ. ಕೇಳಿದರೆ "ಒಳಗ ಭಾಳ ಸೆಕಿ" ಎಂದೆ. ಮಳೆಗಾಲ ಬಂದರೂ ನನ್ನ ಸೆಕೆ ಇಳಿಯಲಿಲ್ಲ.

ಚೀಲದ ಮರೆಯ ಕೈ

ನನ್ನ ಮಾನ ಕಾಯುತ್ತಿದ್ದದ್ದು ಹೊಟ್ಟೆಯ ಮುಂದೆ ಜೋತಾಡುವ ಚರ್ಮದ ಚೀಲ. ಅದರ ಮರೆಯಲ್ಲಿ ಕೈ ಏನು ಮಾಡಿದರೂ ಪ್ರಯಾಣಿಕರಿಗೆ ಕಾಣುತ್ತಿರಲಿಲ್ಲ.

ಒಂದು ದಿನ ಚೆಕಿಂಗ್ ಸಾಹೇಬರು ಹತ್ತಿದರು. ಅವರ ಕಣ್ಣು ಟಿಕೆಟ್ಟಿನ ಮೇಲಿರಲಿಲ್ಲ, ನನ್ನ ಕೈಯ ಮೇಲಿತ್ತು. ಬಸ್ಸು ನಿಲ್ಲಿಸಿ ನನ್ನನ್ನು ಕೆಳಗಿಳಿಸಿದರು.

"ಆವಾಗಿಂದ ನೋಡಾಕ ಹತ್ತೇನಿ. ಚೀಲದ ಕೆಳಗ ಏನ ಮುಚ್ಚಿ ಇಟ್ಟಿ? ಹಳೇ ಟಿಕೀಟ್ ಮತ್ತ ಮಾರತಿಯೇನು?"

ಕಿಟಕಿಗಳಲ್ಲಿ ಬರೀ ತಲೆಗಳು. ನೌಕರಿ ಹೋಯಿತೆಂದೇ ತಿಳಿದೆ. ಬೇರೆ ದಾರಿ ಇಲ್ಲದೆ ಅವರ ಕಿವಿಯ ಹತ್ತಿರ ಹೋಗಿ ಇದ್ದದ್ದು ಹೇಳಿದೆ. ಸಾಹೇಬರು ಅತ್ತಿತ್ತ ನೋಡಿ, ನನ್ನನ್ನು ಬಸ್ಸಿನ ಹಿಂಬದಿಗೆ ಕರೆದೊಯ್ದು, ದನಿ ತಗ್ಗಿಸಿ ಕೇಳಿದರು:

"ನೀ ಯಾವ ಮುಲಾಮು ಹಚ್ಚತಿ?"

ಕಾಲು ಮುಗಿಯುವಲ್ಲಿ

ಮುಲಾಮು ಅಂದರೆ ಬೈಲಹೊಂಗಲದ ಒಂದು ಮೆಡಿಕಲ್ ಅಂಗಡಿಯದು. ಮೊದಲ ಸಲ ಹೋದಾಗ ಅಲ್ಲಿ ಇಬ್ಬರು ಹೆಣ್ಣುಮಕ್ಕಳು ನಿಂತಿದ್ದರು. ಅವರು ಹೋಗಲೆಂದು ಎರಡು ಸಲ ಪೇಟೆ ಸುತ್ತಿ ಬಂದೆ. ಆಮೇಲೂ ಬಾಯಿ ಬರಲಿಲ್ಲ.

"ತುರಿಕಿಗೆ ಏನರೆ ಕೊಡ್ರಿ."

"ಎಲ್ಲಿ ಹಚ್ಚೂದ್ರಿ?"

"ಕಾಲಿಗೆ."

"ಕಾಲಾಗ ಎಲ್ರಿ?"

"ಸ್ವಲ್ಪ ಮ್ಯಾಲ."

"ಎಷ್ಟ ಮ್ಯಾಲ್ರಿ?"

ಸಿಟ್ಟು ಬಂತು. "ಕಾಲು ಮುಗಿಯೂವಲ್ಲಿರಿ!" ಎಂದುಬಿಟ್ಟೆ. ಅಂಗಡಿಯವನು ತಿರುಗಿಯೂ ನೋಡದೆ ಹಿಂದಿನ ಕಪಾಟಿಗೆ ಕೈ ಹಾಕಿ ಟ್ಯೂಬು ತೆಗೆದುಕೊಟ್ಟ.

"ತಗೋರಿ. ಈ ಊರಾಗ ಭಾಳ ಮಂದೀದು ಕಾಲು ಅಲ್ಲೇ ಮುಗೀತಾವ."

ಹಚ್ಚಿದ ಕೂಡಲೇ ಸ್ವರ್ಗ. ಒಂದು ವಾರಕ್ಕೆ ಮಾಯ. ಬಿಟ್ಟ ಮೇಲೆ ಮೊದಲಿಗಿಂತ ಇಮ್ಮಡಿಯಾಗಿ ತಿರುಗಿ ಬಂತು. ಹೀಗೇ ಟ್ಯೂಬಿನ ಮೇಲೆ ಟ್ಯೂಬು ಖಾಲಿಯಾದವು, ಚರ್ಮ ತೆಳ್ಳಗಾಗಿ ಉರಿಯತೊಡಗಿತು.

ತವರಿಗೊಂದು ಟಿಕೆಟು

ಒಂದು ಮುಂಜಾನೆ ಹೆಂಡತಿಯ ಕೈಗೆ ಆ ಟ್ಯೂಬು ಸಿಕ್ಕಿತು. "ಯಾರದಿದು?" ಎಂದಳು. ನನ್ನ ಬಾಯಿಗೆ ಬಂದದ್ದು, "ನಮ್ಮ ಡ್ರೈವರ್ ಚಾಚಾಂದು."

ಅವಳು ಬಟ್ಟೆಯ ಗಂಟು ಕಟ್ಟಿದಳು. "ಸಾಲಹಳ್ಳಿಗೆ ಹೋಗಿ ಅಣ್ಣನ್ನ ಕರಕೊಂಡ ಬರತೇನಿ. ನನ್ನ ಮುಂದ ಹೇಳಾಕ ಆಗಲಿಲ್ಲಂದ್ರ ಅವನ ಮುಂದ ಹೇಳ್ರಿ. ಇಲ್ಲಾ, ನಾ ತವರಾಗ ಇರತೇನಿ."

ಸಾಲಹಳ್ಳಿ ಕಡೆ ಹೋಗುವುದು ನನ್ನದೇ ಬಸ್ಸು. ನನ್ನನ್ನು ಬಿಟ್ಟು ಹೊರಟ ಹೆಂಡತಿಗೆ ನಾನೇ ಟಿಕೆಟ್ ಹರಿದುಕೊಡಬೇಕಾಯಿತು. ಅವಳು ಟಿಕೆಟ್ ಹಿಡಿದುಕೊಂಡು ನೇರ ಡ್ರೈವರನ ಹತ್ತಿರ ಹೋಗಿ, ತುಂಬಿದ ಬಸ್ಸಿನಲ್ಲಿ ಟ್ಯೂಬು ಎತ್ತಿ ಹಿಡಿದಳು.

"ಚಾಚಾ, ನಿಮ್ಮ ತುರಿಕಿ ಮುಲಾಮು ನಮ್ಮ ಮನ್ಯಾಗ ಉಳದಿತ್ತರಿ. ಹೌದಲ್ಲರಿ?"

ಚಾಚಾ ಕನ್ನಡಿಯಲ್ಲಿ ನನ್ನ ಮುಖ ನೋಡಿದರು. ಬಿಳಿಗಡ್ಡದ ಮನುಷ್ಯ, ಹಜ್‌ಗೆ ಹೋಗುವ ಸಿದ್ಧತೆಯಲ್ಲಿದ್ದವರು.

"ಹೌದವಾ ತಂಗಿ, ನಂದ. ಕೊಡಿಲ್ಲಿ."

ರಾಮದುರ್ಗದಲ್ಲಿ ಇಳಿದಾಗ ಚಾಚಾ ಟ್ಯೂಬು ನನ್ನ ಚೀಲಕ್ಕೆ ತುರುಕಿದರು. "ಇನ್ನ ನೀ ಚರ್ಮದ ಡಾಕ್ಟರ್ ಕಡೆ ಹೋಗೇ ಹೋಗಬೇಕು. ತುರಿಕಿ ನಿಂದು, ಇಜ್ಜತ್ ನಂದು ಹೋತು!"

ಒಂದೇ ಪರದೆ

ಈ ಬೇನೆಗೆ ತನ್ನೂರ ಡಾಕ್ಟರ ಹತ್ತಿರ ಯಾರೂ ಹೋಗುವುದಿಲ್ಲ. ರಾಮದುರ್ಗದವರು ಸವದತ್ತಿಗೆ, ಸವದತ್ತಿಯವರು ಬೈಲಹೊಂಗಲಕ್ಕೆ. ಆ ದಾರಿಯಲ್ಲಿ ಎಲ್ಲರಿಗೂ ಗುರುತಿನವನಾದ ನಾನು ಎಲ್ಲಿಗೆ ಹೋಗಲಿ? ರಜೆ ಹಾಕಿ, ಟವೆಲು ಮುಖಕ್ಕೆ ಸುತ್ತಿಕೊಂಡು, ಸವದತ್ತಿಯ ಚರ್ಮದ ಡಾಕ್ಟರ ದವಾಖಾನೆಯ ಬಾಕಿನ ಮೇಲೆ ಕುಳಿತೆ. ಪಕ್ಕದಲ್ಲೂ ಒಬ್ಬ ಟವೆಲು ಸುತ್ತಿದವನಿದ್ದ. ಅವನು ಕೆಮ್ಮಿದ. ಆ ಕೆಮ್ಮು ಗುರುತಿನದು. ನನ್ನ ಹೆಂಡತಿಯ ಅಣ್ಣ!

"ಅಣ್ಣಾರ... ನೀವ್ಯಾಕ ಬಂದೀರಿ?"

"ಹಲ್ಲ ಬ್ಯಾನಿ," ಎಂದರು.

ಆಗ ಕಂಪೌಂಡರ್ ಕೂಗಿದ. "ತೊಡೆಸಂದಿ ತುರಿಕಿಯವರು ಇಬ್ಬರೂ ಒಳಗ ಬರ್ರಿ! ಗರ್ದಿ ಭಾಳೈತಿ, ಸಾಹೇಬರು ಒಮ್ಮೇ ನೋಡತಾರ."

ಒಂದೇ ಪರದೆ, ಒಂದೇ ದೀಪ. ಇಬ್ಬರೂ ಗೋಡೆ ನೋಡುತ್ತ ಪ್ಯಾಂಟು, ಧೋತರ ಸಡಿಲಿಸಿ ನಿಂತೆವು. ಡಾಕ್ಟರು ಬ್ಯಾಟರಿ ಬಿಟ್ಟು ನೋಡಿ, ನನ್ನ ಟ್ಯೂಬನ್ನು ಬುಟ್ಟಿಗೆ ಎಸೆದರು.

"ರೊಟ್ಟಿ ಮ್ಯಾಲ ಬೂಸರು ಬರತೈತಲ್ಲಾ, ಅಂಥಾದ್ದ ಇದು. ಕೆಟ್ಟ ರೋಗ ಅಲ್ಲ. ಈ ಮುಲಾಮು ತುರಿಕಿ ಅಡಗಸತೈತಿ, ಬೂಸರು ಬೆಳಸತೈತಿ. ನಾ ಕೊಟ್ಟ ಔಷಧ ಕಡೀತನಕಾ ತಗೋರಿ, ಆರಾಮಾತಂತ ನಡುವ ಬಿಡಬ್ಯಾಡ್ರಿ. ಒಳಗಿನ ಅರಬಿ, ಚಡ್ಡಿ ಬನೀನು, ಸೀರಿ ಕೆಳಗ ಮುಚ್ಚಿ ಒಣಗಸಬ್ಯಾಡ್ರಿ, ಬಿಸಲಿಗೆ ಹಾಕ್ರಿ. ಮನ್ಯಾಗ ಯಾರಿಗರೆ ಹತ್ತಿದ್ರ ಅವರನೂ ಕರಕೊಂಡ ಬರ್ರಿ."

ಹೊರಗೆ ಬಂದ ಮೇಲೆ ಅಣ್ಣಾರು ನನ್ನ ಕೈ ಗಟ್ಟಿ ಹಿಡಿದರು. "ನಾ ನಿಮ್ಮನ್ನ ನೋಡಿಲ್ಲ, ನೀವು ನನ್ನ ನೋಡಿಲ್ಲ." ಅಷ್ಟೆಲ್ಲ ನೋಡಿದ ಮೇಲೂ ಒಪ್ಪಿಕೊಂಡೆ.

ನ್ಯಾಯ

ಎರಡು ದಿನ ಬಿಟ್ಟು ಅದೇ ಅಣ್ಣಾರು ನನ್ನ ನ್ಯಾಯ ಮಾಡಲು ತಮ್ಮ ಹೆಂಡತಿಯನ್ನೂ ತಂಗಿಯನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದು ಜಮಖಾನೆಯ ಮೇಲೆ ಕುಳಿತರು. ನನ್ನ ಹೆಂಡತಿ ಬಾಗಿಲಿಗೆ ಒರಗಿ ನಿಂತಿದ್ದಳು. ತಂದ ಗಂಟನ್ನು ಇನ್ನೂ ಬಿಚ್ಚಿರಲಿಲ್ಲ.

"ಅಣ್ಣಾ, ಇವರಿಗೆ ನಾ ಬ್ಯಾಡಾಗೇನಿ. ಇಲ್ಲಾ, ಎಲ್ಲೋ ಹೋಗಿ ರೋಗ ಹಚ್ಚಿಕೊಂಡಾರ. ಎರಡರಾಗ ಒಂದು. ಹೌದಂದ್ರ ಈಗಿಂದೀಗ ನಿನ್ನ ಸಂಗಾಟ ಹೊಂಟೆ."

ಕೊಟ್ಟ ಮಾತು ಮುರಿಯುವಂತಿಲ್ಲ, ಮುರಿಯದಿದ್ದರೆ ಹೆಂಡತಿ ಉಳಿಯುವುದಿಲ್ಲ. ಅಣ್ಣಾರ ಸುದ್ದಿ ಎತ್ತದೆ, ನನಗಾದದ್ದು ಇಷ್ಟೇ ಎಂದು ತೊದಲುತ್ತ ತುರಿಕೆಯ ಸಂಗತಿ ಹೇಳಿದೆ. ಅವಳು ನಂಬಲಿಲ್ಲ. "ಖರೇನ ಅಣ್ಣಾ? ಬರೀ ತುರಿಕಿಗೆ ಯಾರರೆ ಹೊರಗ ಮಲಗತಾರೇನು?"

ಅಣ್ಣಾರು ಗಂಟಲು ಸರಿಮಾಡಿಕೊಂಡರು.

"ಖರೇ ತಂಗಿ. ಹೆಂಡ್ತಿಗೆ ಹತ್ತಬಾರದಂತ ಮಲಗತಾರ. ಇದು ಬೆವರಿಂದ ಆಗತೈತಿ, ಕೆಟ್ಟ ರೋಗ ಅಲ್ಲ. ಆ ಹಾಳ ಮುಲಾಮು ಹಚ್ಚಿದ್ರ ಒಂದ ವಾರ ಆರಾಮ, ಆಮ್ಯಾಲ ನಡಿಯಾಕ ಬರೂದಿಲ್ಲ, ಕುಂಡ್ರಾಕ ಬರೂದಿಲ್ಲ. ಹೇಳಾಕಂತೂ ಬಾಯೇ ಬರೂದಿಲ್ಲ. ಗಂಡಸರ ತ್ರಾಸ ನಿಮಗೇನ ಗೊತ್ತು!"

ಹೇಳುತ್ತ ಹೇಳುತ್ತ ಅವರ ಕಣ್ಣು ತುಂಬಿದವು. ನನ್ನ ಹೆಂಡತಿಯವೂ ತುಂಬಿದವು. "ಇಷ್ಟ ಹೇಳಾಕ ಏನಾಗಿತ್ತರಿ ನಿಮಗ?" ಎಂದು ನನ್ನ ಕಡೆ ನೋಡಿ, ಗಂಟು ಎತ್ತಿಕೊಂಡು ಒಳಗಿನ ಕೋಣೆಗೆ ಹೋದಳು. ನನ್ನ ಹೋದ ಜೀವ ಬಂತು.

ಅಣ್ಣಾರ ಹೆಂಡತಿ ಅಷ್ಟೊತ್ತೂ ಚಹಾ ಕುಡಿಯುತ್ತಿದ್ದರು. ಈಗ ಬಸಿಯನ್ನು ನಿಧಾನವಾಗಿ ಕೆಳಗಿಟ್ಟು, ಗಂಡನ ಕಡೆ ತಿರುಗಿದರು.

"ಎಮ್ಮಿ ಮಾರಿ ವರ್ಷಾತು. ಇನ್ನೂ ಕೊಟ್ಟಿಗ್ಯಾಗ ಯಾರನ್ನ ಕಾಯಾಕ ಮಲಗತೀರಿ ಅಂತ ನಾ ಕೇಳಾಕ ಹತ್ತಿದ್ದೆ. ಇವತ್ತ ತಿಳೀತು ನೋಡ್ರಿ!"