ಸಮುದ್ರಕ್ಕೊಂದು ಕ್ಯಾಮೆರಾ

ಹೆಂಡತಿಯ ಬಾಯಲ್ಲಿ ಒಮ್ಮೆ ಕತೆಯಾಗಿಬಿಟ್ಟ ಗಂಡ ಆಮೇಲೆ ಏನು ಮಾಡಿದರೂ ಮತ್ತೆ ಮನುಷ್ಯನಾಗುವುದು ಕಷ್ಟ. ನನ್ನ ಕತೆಗೆ ಹದಿನಾಲ್ಕು ವರ್ಷ. ಮದುವೆಯಾದ ಹೊಸದರಲ್ಲಿ ಬೆಣ್ಣೆಹಳ್ಳಕ್ಕೆ ಮೊಣಕಾಲುಮಟ್ಟ ನೀರು ಬಂದಿತ್ತು. ಹೆಂಡತಿ ದಾಟಿದಳು, ಅತ್ತೆ ದಾಟಿದರು, ಅವರ ಎಮ್ಮೆಯೂ ದಾಟಿತು. ನಾನು ಮಾತ್ರ ಚಪ್ಪಲಿ ಕೈಯಲ್ಲಿ ಹಿಡಿದು, ನೀರು ಇಳಿಯುವತನಕ ಈಚೆ ದಂಡೆಯಲ್ಲೇ ನಿಂತಿದ್ದೆ. ಅಂದಿನಿಂದ ಯಾರ ಮನೆಯ ಮದುವೆ, ಕುಬಸಕ್ಕೆ ಹೋದರೂ ಈ ಕತೆ ನನಗಿಂತ ಮೊದಲೇ ಹೋಗಿ ಜಮಖಾನದ ಮೇಲೆ ಕೂತಿರುತ್ತದೆ.

ಹಾಗಾಗಿ ನಮ್ಮ ಹೈಸ್ಕೂಲಿನ ಮಾಸ್ತರರೆಲ್ಲ ಸೇರಿ ಮುರ್ಡೇಶ್ವರದ ಕಡೆ ಸಮುದ್ರದೊಳಗೆ ಇಳಿದು ಮೀನು ನೋಡಿ ಬರೋಣ ಎಂದಾಗ, ಈಜು ಬಾರದ ನಾನೇ ಮೊದಲು ಹೆಸರು ಬರೆಸಿದೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ, ಕೈಹಿಡಿದು ಇಳಿಸುತ್ತಾರಂತೆ. ಆದರೆ ಇಳಿದರಷ್ಟೇ ಸಾಲದು, ಅತ್ತೆಮನೆಯವರಿಗೆ ಸಾಕ್ಷಿ ಬೇಕು. ನೀರೊಳಗೆ ವಿಡಿಯೋ ತೆಗೆಯುವ ಕ್ಯಾಮೆರಾ ಕೊಳ್ಳಲು ತೀರ್ಮಾನಿಸಿದೆ. ತಿಂಗಳುಗಟ್ಟಲೆ ಮೊಬೈಲಿನಲ್ಲಿ ಹುಡುಕಿ ತಲೆ ಕೆಟ್ಟಮೇಲೆ ಬಸಪ್ಪ ಕಾಕಾನನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋದೆ. ನಮ್ಮೂರು ಶಲವಡಿಯಲ್ಲಿ ಅವನನ್ನು ಕೇಳದೆ ಯಾರೂ ಎತ್ತು ಕೊಳ್ಳುವುದಿಲ್ಲ. ಹಲ್ಲು ನೋಡಿ ವಯಸ್ಸು, ಸುಳಿ ನೋಡಿ ಸ್ವಭಾವ ಹೇಳುವ ಮನುಷ್ಯ.

ಅಂಗಡಿಯ ಮಾಲೀಕರು ಒಂದು ಕ್ಯಾಮೆರಾ ತೆಗೆದಿಟ್ಟು, "ಇದು ಮೂವತ್ತು ಮೀಟರ್ ಆಳಕ್ಕ ಹೋಗತೈತ್ರಿ" ಎಂದರು.

"ಹೋಗೂದು ಯಾರರ ಹೋಗ್ತಾರ್ರಿ ಸಾವ್ಕಾರ್ರ, ಹೊಳ್ಳಿ ಬರತೈತೇನು?" ಎಂದ ಕಾಕಾ.

ಆಮೇಲೆ ಅದನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಲು ಹೇಳಿ, ಗುಳ್ಳೆ ಏಳುತ್ತದೇನೋ ಎಂದು ಅದರ ಮುಂದೆ ಕುಕ್ಕರಗಾಲಲ್ಲಿ ಕೂತ. ಗಿರಾಕಿಗಳೂ ಸುತ್ತ ನಿಂತರು. ಗುಳ್ಳೆ ಏಳಲಿಲ್ಲ. "ಉಸುರು ಬಿಗಿ ಹಿಡೀತೈತಿ ಲೇ ತಮ್ಮಾ, ನಿನಗಿಂತ ಗಟ್ಟಿ ಐತಿ" ಎಂದು ಎದ್ದ. ವ್ಯಾಪಾರದ ಹೊತ್ತಿಗೆ ಹೆಗಲ ಮೇಲಿನ ಟವೆಲ್ಲನ್ನು ಮಾಲೀಕರ ಕೈಮೇಲೆ ಹಾಕಿ, ಅದರಡಿಯಲ್ಲಿ ಅವರ ಬೆರಳು ಹಿಡಿದ. ದನದ ಸಂತೆಯಲ್ಲಿ ದರ ಮಾತಾಡುವುದು ಹೀಗೆಯೇ, ಬೆರಳಿಗೊಂದು ಸಾವಿರ. ಪಾಪ, ಮಾಲೀಕರು ಹಿರಿಯರ ಪ್ರೀತಿ ಎಂದು ತಿಳಿದು ಪೂರ್ತಿ ಕೈಯನ್ನೇ ಕುಲುಕಿದರು.

"ಐದೂ ಬೆರಳು ಹಿಡದ್ರು, ಐದು ಸಾವಿರ ಬಿಟ್ಟಂಗಾತು" ಎಂದ ಕಾಕಾ ಕೈ ಬಿಡಲೇ ಇಲ್ಲ. ಕೊನೆಗೆ ಕೈ ಬಿಡಿಸಿಕೊಳ್ಳುವುದಕ್ಕಾಗಿ ಮಾಲೀಕರು ನೀರಿನಲ್ಲಿ ತೇಲುವ ಹಿಡಿಕೆಯೊಂದನ್ನು ಪುಕ್ಕಟೆ ಕೊಟ್ಟರು.

ಸಮುದ್ರಕ್ಕೆ ಇಳಿದೆ. ಖರೆ ಹೇಳುತ್ತೇನೆ, ಇಳಿದೆ. ಮುಂದಿನ ರವಿವಾರ ಅತ್ತೆ, ಮಾವ, ಕಾಕಾ ಎಲ್ಲರನ್ನೂ ಟಿವಿಯ ಮುಂದೆ ಕೂರಿಸಿ ವಿಡಿಯೋ ಹಚ್ಚಿದೆ. ಹಸಿರು ನೀರು, ಪಟ್ಟೆಪಟ್ಟೆಯ ಮೀನು, ಕಲ್ಲಿನ ಮೇಲೆ ನಿಧಾನವಾಗಿ ಹೊರಟ ಆಮೆ. ಎಲ್ಲ ಅಗದಿ ಸ್ವಚ್ಛ.

"ಅಳಿಯಂದ್ರ, ಇದರಾಗ ನೀವು ಎಲ್ಲಿ ಅದೀರಿ?" ಎಂದು ಅತ್ತೆ ಕೇಳಿದರು.

ಕ್ಯಾಮೆರಾ ಹಿಡಿದವನು ಅದರೊಳಗೆ ಕಾಣುವುದಿಲ್ಲ ಎಂಬ ವಿಷಯ ಆ ಕ್ಷಣದವರೆಗೆ ನನಗೆ ಹೊಳೆದಿರಲಿಲ್ಲ. ಒಂದು ಕಡೆ ಅಡ್ಡ ಬಂದಿದ್ದ ಹೆಬ್ಬೆರಳನ್ನು ತೋರಿಸಿ, "ಇದು ನಂದು" ಎಂದೆ. ನೀರಿನಲ್ಲಿ ನೆನೆದು ಅದು ಸುಕ್ಕುಗಟ್ಟಿತ್ತು.

"ಇದು ಯಾರೋ ಮುದುಕಂದು" ಎಂದರು ಮಾವ.

"ಏನರ ಇರಲಿ, ಕ್ಯಾಮೆರಾ ಇಳದದ್ದಂತೂ ಖರೆ" ಎಂದಳು ಹೆಂಡತಿ.

"ನಾ ಆರಿಸಿದ ಮಾಲು. ಒಟ್ಟ ಅಂಜಲಿಲ್ಲ ನೋಡ್ರಿ" ಎಂದು ಕಾಕಾ ಮೀಸೆ ಸವರಿಕೊಂಡ.

"ಇನ್ನೊಮ್ಮೆ ಇಳೀರಿ, ನಾನ ಜೋಡಿ ಬಂದು ನಿಮ್ಮ ವಿಡಿಯೋ ತಗೀತೀನಿ" ಎಂದು ಹೆಂಡತಿ ಹೇಳಿ ಎರಡು ತಿಂಗಳಾಯಿತು. ನಾನೇನೂ ಹಿಂಜರಿದಿಲ್ಲ. ಅವಳ ಕೈಗೆ ಸರಿಹೊಂದುವಂಥ ಕ್ಯಾಮೆರಾ ಹುಡುಕುತ್ತಿದ್ದೇನೆ.