ತಾಳಿಪೆಟ್ಟಿಗೆಯೂ ನನ್ನ ಸ್ಟೀಮ್‌ಪಂಕ್ ಸರವೂ

ಕೈಕೆಲಸದಲ್ಲಿ ನನಗೆ ಸರಿಸಾಟಿ ನಮ್ಮ ವಿಜಯನಗರದ ಬೀದಿಯಲ್ಲೇ ಯಾರೂ ಇರಲಿಲ್ಲ. ಹೀಗಂತ ಹೇಳಿದ್ದು ನಾನೇ. ಬೇರೆಯವರು ಹೇಳಲಿ ಅಂತ ಕಾದು ಕಾದು ಸಾಕಾಗಿತ್ತು.

ನಮ್ಮ ಮಹಡಿ ಮೇಲೆ ಬಾಡಿಗೆಗಿದ್ದ ರಶ್ಮಿ ಚಿತ್ರಕಲೆ ಓದೋ ಹುಡುಗಿ. ಒಂದು ದಿನ ಕಂಪ್ಯೂಟರಿನಲ್ಲಿ ಒಂದು ಸರ ತೋರಿಸಿದಳು. ಹಳೇ ಗಡಿಯಾರದ ಹಲ್ಲುಚಕ್ರ, ಸ್ಕ್ರೂ, ಸ್ಪ್ರಿಂಗು ಎಲ್ಲಾ ಮಣ್ಣಿನ ಪದಕದಲ್ಲಿ ಅಂದವಾಗಿ ಕೂತಿದ್ದವು.

"ಇದಕ್ಕೆ ಸ್ಟೀಮ್‌ಪಂಕ್ ಅಂತಾರೆ ಆಂಟಿ, ಉಗಿಬಂಡಿ ಕಾಲದ ಸ್ಟೈಲು. ಆದ್ರೆ ಇದರ ಮಣ್ಣೇ ಬೇರೆ, ಓವನ್‌ನಲ್ಲಿ ಸುಡಬೇಕು."

ಮಣ್ಣಲ್ಲಿ ಅದೇನು ಬೇರೆ? ಗಣೇಶನ ಹಬ್ಬದಲ್ಲಿ ಮಿಕ್ಕಿದ್ದ ಜೇಡಿಮಣ್ಣು ಬಕೆಟ್ಟಿನಲ್ಲೇ ಇತ್ತು. ನೆನೆಸಿ ನಾದಿದೆ. ನಮ್ಮ ಯಜಮಾನರು 'ಎಂದಾದ್ರೂ ಬೇಕಾಗುತ್ತೆ' ಅಂತ ನಟ್ಟು ಬೋಲ್ಟು ಕೂಡಿಟ್ಟಿದ್ದ ಬಿಸ್ಕತ್ ಡಬ್ಬ ಕೆಳಗಿಳಿಸಿ, ಕೆಟ್ಟ ಟೈಂಪೀಸಿನ ಹೊಟ್ಟೆ ಬಗೆದೆ. ಯಜಮಾನರೇ ಎತ್ತಿಟ್ಟಿದ್ದಿರಬೇಕು, ಅದೇ ಡಬ್ಬದಲ್ಲಿ ಹಿತ್ತಾಳೆಯ ಒಂದು ಪುರಾತನ ಕೀ ಕೂಡ ಸಿಕ್ಕಿತು. ತಲೆಯಲ್ಲಿ ತೂತು ಬೇರೆ! ದಾರ ಪೋಣಿಸಿ, ಕೀ ಪೂರ್ತಿ ಮುಚ್ಚೋ ಹಾಗೆ ಮಣ್ಣು ಮೆತ್ತಿ, ಚಕ್ರಗಳನ್ನು ಒತ್ತಿ, ಅತ್ತೆಯ ಸಂಡಿಗೆ ಪಕ್ಕದಲ್ಲೇ ಒಣಗಿಸಿ, ಗಣಪನ ಕಿರೀಟಕ್ಕೆ ಬಳಿಯೋ ಚಿನ್ನದ ಬಣ್ಣ ಬಳಿದೆ.

ನನ್ನ ಮೈದುನನ ಮದುವೆಗೆ ನಾಗರಬಾವಿಯ ಛತ್ರಕ್ಕೆ ಅದನ್ನೇ ಹಾಕಿಕೊಂಡು ಹೊರಟೆ.

"ಇದೇನೇ, ಸೈಕಲ್ ರಿಪೇರಿಗೆ ಹೊರಟಿದೀಯಾ?" ಅಂದರು ಯಜಮಾನರು. ಕಲೆ ಗೊತ್ತಿಲ್ಲದವರ ಹತ್ತಿರ ಏನು ಮಾತು, ಸೆರಗು ಸರಿಮಾಡಿಕೊಂಡು ವ್ಯಾನ್ ಹತ್ತಿದೆ.

ಮುಹೂರ್ತಕ್ಕೆ ಇನ್ನು ಅರ್ಧ ಗಂಟೆ. ಅತ್ತೆ ಕಬ್ಬಿಣದ ಪುಟ್ಟ ಪೆಟ್ಟಿಗೆ ತಂದು ಮುಂದಿಟ್ಟರು. "ಕೀ ಕೊಡಮ್ಮ, ಪುರೋಹಿತರು ತಾಳಿ ಕೇಳ್ತಿದಾರೆ."

ಕೀ ನನ್ನ ವಶದಲ್ಲೇ ಇತ್ತು. ತಿಂಗಳ ಹಿಂದೆ ಅತ್ತೆ ಕೊಟ್ಟಾಗ ಕಳ್ಳರಿಗೆ ಸಿಗಬಾರದು ಅಂತ ಅಕ್ಕಿ ಡಬ್ಬದಲ್ಲಿಟ್ಟೆ, ಆಮೇಲೆ ದೇವರ ಪಟದ ಹಿಂದೆ, ಆಮೇಲೆ ಇನ್ನೂ ಭದ್ರವಾದ ಜಾಗದಲ್ಲಿ. ಎಷ್ಟು ಭದ್ರ ಅಂದ್ರೆ, ನನಗೇ ನೆನಪಿಲ್ಲ. ಹ್ಯಾಂಡ್‌ಬ್ಯಾಗ್‌ನಲ್ಲೇ ಇರಬೇಕು ಅಂತ ನಂಬಿಕೊಂಡಿದ್ದೆ. ತಡಕಿದೆ. ಇಲ್ಲ. ಬ್ಯಾಗನ್ನೇ ತಲೆಕೆಳಗು ಮಾಡಿ ಕೊಡವಿದೆ.

ಯಜಮಾನರು ಅಡುಗೆಮನೆಯಿಂದ ತೆಂಗಿನಕಾಯಿ ಒಡೆಯೋ ಕತ್ತಿ ತಂದರು. ಅತ್ತೆ ಪೆಟ್ಟಿಗೆ ತಬ್ಬಿಕೊಂಡರು. "ತಾಳಿಪೆಟ್ಟಿಗೆ ಒಡೀತಾರೇನೋ? ಶುಭವಾ ಅದು?"

ಹೊರಗೆ ವ್ಯಾನಿನಲ್ಲಿ ಬಿದ್ದಿರಬಹುದು ಅಂತ ಓಡಿದೆ. ವಾಪಸ್ ಬರುವಾಗ ಬಾಗಿಲಲ್ಲಿದ್ದ ಹೆಣ್ಣಿನ ಕಡೆ ಹುಡುಗಿಯರು ನಗುನಗುತ್ತಾ ಪನ್ನೀರು ಎರಚಿದರು. ಮತ್ತೆ ಓಡಿದೆ. ಮತ್ತೆ ಪನ್ನೀರು. ಮೂರನೇ ಸಲ ಒಳಗೆ ಬರುವ ಹೊತ್ತಿಗೆ ಪನ್ನೀರು ಎರಚೋದರಲ್ಲಿ ಅವರ ಕೈ ಚೆನ್ನಾಗಿ ಪಳಗಿತ್ತು.

"ಸೀರೆ ಮೇಲೆ ಏನೇ ಅದು ಕೆಸರು?" ಅಂದರು ಅತ್ತೆ.

ಬಗ್ಗಿ ನೋಡಿದೆ. ನನ್ನ ಸ್ಟೀಮ್‌ಪಂಕ್ ಕರಗಿ ರೇಷ್ಮೆ ಸೀರೆ ಮೇಲೆ ಹರೀತಿತ್ತು. ಒಂದೊಂದೇ ಚಕ್ರ ಅಕ್ಷತೆ ತಟ್ಟೆಗೆ ಬಿತ್ತು. ಕೊನೆಗೆ ಕೊರಳಲ್ಲಿ ಉಳಿದದ್ದು ದಾರ, ದಾರದಲ್ಲಿ ಕೀ.

ಭದ್ರವಾದ ಮೂರನೇ ಜಾಗ ಆಗ ನೆನಪಾಯ್ತು. ಯಜಮಾನರ ಬಿಸ್ಕತ್ ಡಬ್ಬ!

ದಾರ ನೆನೆದು ಗಂಟು ಬಿಗಿದಿತ್ತು, ತಲೆಯಿಂದ ತೆಗೆಯೋಣ ಅಂದ್ರೆ ಜಡೆ ತುಂಬ ಮಲ್ಲಿಗೆ ದಂಡೆ. ಕತ್ತರಿಸೋಣ ಅಂದ್ರೆ, ಮದುವೆ ಮಂಟಪದಲ್ಲಿ ಕೊರಳ ದಾರ ಕತ್ತರಿಸೋದು ಅಶುಭ ಅಂದರು ಅತ್ತೆ. ಓಲಗದವರು ಇತ್ತಲೇ ನೋಡ್ತಿದ್ದರು. "ಕೂತ್ಕೋ," ಅಂದರು ಯಜಮಾನರು. ಮಂಟಪದಲ್ಲಿ ಮಂಡಿಯೂರಿ, ಪೆಟ್ಟಿಗೆಗೆ ಕತ್ತು ಒಡ್ಡಿದೆ. "ಇನ್ನೂ ಸ್ವಲ್ಪ ಬಗ್ಗು. ಎಡಕ್ಕೆ ತಿರುಗಿಸು. ಕತ್ತನ್ನಲ್ವೇ, ಕೀನ." ವಿಡಿಯೋದವನು ಲೈಟ್ ಹಿಡಿದುಕೊಂಡು ಹತ್ತಿರವೇ ಬಂದ. ಟಕ್ ಅಂತ ಪೆಟ್ಟಿಗೆ ತೆರೆಯಿತು. ತಾಳಿ ಸರಿಯಾದ ಹೊತ್ತಿಗೆ ಮೈದುನನ ಕೈ ಸೇರಿತು. ನನಗೆ ಅಳುವೂ ನಗುವೂ ಒಟ್ಟಿಗೇ ಬಂತು.

ಮದುವೆ ಹೆಣ್ಣಿನ ತಾಯಿ ಮೆಲ್ಲಗೆ ಕೇಳಿದರು, "ಇದು ನಿಮ್ಮ ಮನೆ ಪದ್ಧತಿನಾ?"

ಅತ್ತೆ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. "ಹೌದಮ್ಮ. ಹಿರೀ ಸೊಸೆ ಮಾಡಬೇಕು."

ಎರಡು ವರ್ಷ ಆದಮೇಲೆ ಕಿರೀ ಮೈದುನನ ಮದುವೆ ಬಂತು. ಶುರು ಮಾಡಿದ ಪದ್ಧತಿ ಬಿಡೋ ಹಾಗಿಲ್ಲವಂತೆ. ಅತ್ತೆ ತಾವೇ ಹೊಸ ದಾರಕ್ಕೆ ಅದೇ ಕೀ ಪೋಣಿಸಿ, ನನ್ನ ಕೊರಳಿಗೆ ಕಟ್ಟಿ, ಎರಡು ಗಂಟು ಹಾಕಿದರು.

"ನೀನು ಕೈಕೆಲಸ ಏನೂ ಮಾಡಬೇಡ ತಾಯಿ," ಅಂದರು. "ಬಗ್ಗಿದ್ರೆ ಸಾಕು."