ಕಾಲಿಂಚು ಗಿಡ್ಡವಾದ ರೆಕ್ಕೆ

ರಾಜ್ಯ ಬಂದೂಕು ಲಕ್ಷಣ ಪರಿಶೀಲನಾ ಕಚೇರಿಯ ಮುಖ್ಯ ಅಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ಸಿಯೆರಾ ಬೆಟ್ಟಗಳ ತಪ್ಪಲಿನಲ್ಲಿ, ಮರ ಸಾಗಿಸುವ ಲಾರಿಯವರು ನಿಂತು ಕಾಫಿ ಕುಡಿಯುವ ತಿರುವಿನ ಪಕ್ಕದಲ್ಲಿ, ಮೂವತ್ತೊಂದು ವರ್ಷಗಳಿಂದ ಬಂದೂಕು ರಿಪೇರಿ ಅಂಗಡಿ ಇಟ್ಟುಕೊಂಡಿರುವ ಎಲ್ಡನ್ ಕ್ರೌಸ್ ಎಂಬ ನಾನು, ತಮಗೂ ತಮ್ಮ ಅಳತೆಪಟ್ಟಿಗೂ ದೀರ್ಘಾಯುಷ್ಯವನ್ನು ಕೋರಿ, ಈ ದೂರನ್ನು ಎಲ್ಲರೂ ಓದುವಂತೆ ಊರಿನ ವಾರಪತ್ರಿಕೆಯ ಮೂಲಕವೇ ಸಲ್ಲಿಸುತ್ತಿದ್ದೇನೆ. ತಮ್ಮ ಕಚೇರಿಗೆ ನೇರವಾಗಿ ಬರೆದ ಪತ್ರಗಳು ಎಲ್ಲಿ ವಿಶ್ರಾಂತಿ ಪಡೆಯುತ್ತವೆಂದು ನನಗೆ ಗೊತ್ತಿಲ್ಲದ ಕಾರಣ ಈ ಅಧಿಕಪ್ರಸಂಗವನ್ನು ಕ್ಷಮಿಸಬೇಕು.

ಮೊದಲಿಗೆ ಅಭಿನಂದನೆ. ಮನುಷ್ಯನೊಳಗಿನ ಕೇಡು ಯಾವ ಜಾಗದಲ್ಲಿ ವಾಸವಾಗಿದೆಯೆಂದು ಪಾದ್ರಿಗಳೂ ಡಾಕ್ಟರುಗಳೂ ತಲೆ ಕೆಡಿಸಿಕೊಂಡು ಕೂತಿದ್ದಾಗ, ಅದು ಹೆಬ್ಬೆರಳಿನಲ್ಲಿದೆಯೆಂದು ಕಂಡುಹಿಡಿದವರು ತಾವು. ಹೆಬ್ಬೆರಳು ರೈಫಲ್ಲಿನ ಹಿಡಿಕೆಯನ್ನು ಸುತ್ತಿಕೊಂಡರೆ ಅದು ದಾಳಿಯ ಆಯುಧ. ಸುತ್ತಿಕೊಳ್ಳದಂತೆ ಹಿಡಿಕೆಯ ಹಿಂದೆ ಒಂದು ಪ್ಲಾಸ್ಟಿಕ್ ರೆಕ್ಕೆ ಕೂರಿಸಿ, ನಳಿಗೆಯ ತುದಿಯಲ್ಲಿ ಕಿಡಿ ಮರೆಮಾಡುವ ಕೊಳವೆಯನ್ನು ಬಿಚ್ಚಿ, ಹೆಗಲಿಗೊತ್ತುವ ಹಿಂಬದಿಯನ್ನು ಜಾರದಂತೆ ಬಿಗಿದುಬಿಟ್ಟರೆ, ಅದೇ ನಳಿಗೆಯಿಂದ ಅದೇ ಗುಂಡು ಅದೇ ವೇಗದಲ್ಲಿ ಹೊರಟರೂ ಅದು ಸಭ್ಯ ಗೃಹಸ್ಥನ ಸಲಕರಣೆ. ಇಲ್ಲಿಂದ ನಲವತ್ತು ಮೈಲಿ ದಾಟಿ ಪಕ್ಕದ ನೆವಾಡ ರಾಜ್ಯಕ್ಕೆ ಹೋದರೆ ಈ ಯಾವ ಸಂಸ್ಕಾರವೂ ಇಲ್ಲದೆ ಅದು ಸಭ್ಯವಾಗಿಯೇ ಇರುತ್ತದೆ ಎನ್ನುವುದು ಹವಾಮಾನದ ವ್ಯತ್ಯಾಸವಿರಬೇಕು. ನಾನು ಇಂಥ ರೆಕ್ಕೆಗಳನ್ನು ಇನ್ನೂರಕ್ಕಿಂತ ಹೆಚ್ಚು ಕೂರಿಸಿದ್ದೇನೆ, ಒಂದಾದರೂ ಹಾರಿದ್ದು ನೋಡಿಲ್ಲ.

ಈಗ ನನ್ನ ದೂರಿಗೆ ಕಾರಣನಾದ ಹಾರ್ಲನ್ ವೀಕ್ಸ್ ಬಗ್ಗೆ ಹೇಳಬೇಕು. ಅರವತ್ತೆರಡು ವರ್ಷದ ಈತ ಮರದ ಲಾರಿ ಓಡಿಸುತ್ತಿದ್ದವನು. ಕಾಡಿನ ನಡುವೆ, ಎದುರಿಗೆ ಜಿಂಕೆಯೂ ಇಲ್ಲದ ಕಡೆ, ನಿಲ್ಲು ಎಂಬ ಫಲಕ ಕಂಡರೆ ಪೂರ್ತಿ ನಿಲ್ಲಿಸಿ, ಎಡಬಲ ನೋಡಿ, ಆಮೇಲೆ ಹೊರಡುವ ಜಾತಿಯವನು. ಪೇರ್ ಹಣ್ಣಿನ ತೋಟ ಹಾಳು ಮಾಡುವ ಕಾಡುಹಂದಿಗಳಿಗಾಗಿ ಒಂದು ರೈಫಲ್ ಇಟ್ಟುಕೊಂಡಿದ್ದ. ತಮ್ಮ ನಿಯಮ ಬಂದ ದಿನವೇ ಅದನ್ನು ನನ್ನ ಬೆಂಚಿನ ಮೇಲಿಟ್ಟು, "ಒಂದು ಕೂದಲೂ ಹೆಚ್ಚು ಕಡಿಮೆ ಆಗಬಾರ್ದು ಕಣೋ ಎಲ್ಡನ್" ಎಂದಿದ್ದ. ಆಗಲಿಲ್ಲ.

ಏಪ್ರಿಲಿನಲ್ಲಿ ಅವನ ಹೆಂಡತಿ ಲೊರೇನ್ ತೀರಿಕೊಂಡಳು. ಆಗಸ್ಟ್ ಕೊನೆಯಲ್ಲಿ ಅವನ ಅಕ್ಕ ಒಪಾಲ್ ನನ್ನ ಅಂಗಡಿಗೆ ಬಂದು, ಕೋಟಿನ ಗುಂಡಿ ತಿರುವುತ್ತಾ ನಿಂತಳು. ಹಾರ್ಲನ್ ಸರಿಯಾಗಿ ಊಟ ಮಾಡುತ್ತಿಲ್ಲ, ಸಾಕಿದ ನಾಯಿಯನ್ನು ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟ, ಮೀನಿನ ದೋಣಿಯನ್ನೂ ಕೊಟ್ಟ, ಬೀರುವಿನಲ್ಲಿರಬೇಕಾದ ರೈಫಲ್ ಅಡುಗೆಮನೆಯ ಮೇಜಿನ ಮೇಲಿದೆ ಎಂದಳು. ಅದಕ್ಕೆ ಮುಂಚೆ ಆಕೆ ತಮ್ಮ ಸಹಾಯವಾಣಿಗೆ ಫೋನ್ ಮಾಡಿದ್ದಳು. ಆ ಸಂಭಾಷಣೆಯನ್ನು ಆಕೆ ನನಗೆ ಒಪ್ಪಿಸಿದ ಹಾಗೆಯೇ ಇಲ್ಲಿ ದಾಖಲಿಸುತ್ತೇನೆ.

"ನನ್ನ ತಮ್ಮನ ಹತ್ರ ಒಂದು ರೈಫಲ್ ಇದೆ, ನನಗೆ ಭಯ ಆಗ್ತಿದೆ."

"ಹಿಡಿಕೆಗೆ ರೆಕ್ಕೆ ಇದೆಯಾ ಮೇಡಂ?"

"ಇದೆ. ಆದ್ರೆ ಅವನು..."

"ಹಿಂಬದಿ ಬಿಗಿ ಮಾಡಿಸಿದ್ದಾರಾ?"

"ಎಲ್ಲಾ ಮಾಡಿಸಿದ್ದಾನೆ."

"ಹಾಗಾದ್ರೆ ಭಯ ಪಡೋಂಥದ್ದೇನಿಲ್ಲ ಮೇಡಂ. ರೈಫಲ್‌ನಲ್ಲಿ ಏನೂ ದೋಷ ಇಲ್ಲ."

"ದೋಷ ರೈಫಲ್‌ನದ್ದಲ್ಲ ಕಣಮ್ಮ, ತಮ್ಮನ ಮನಸ್ಸು ಸರಿ ಇಲ್ಲ."

"ಅದು ನಮ್ಮ ವಿಭಾಗಕ್ಕೆ ಬರಲ್ಲ."

ಉತ್ತರಿಸಿದ ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ತಾವು ಕೊಟ್ಟ ಹಾಳೆಯಲ್ಲಿದ್ದದ್ದನ್ನು ಆಕೆ ಓದಿದಳು. ರೈಫಲನ್ನು ವಶಕ್ಕೆ ತೆಗೆದುಕೊಳ್ಳುವಂತೆ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದಲ್ಲ ಎಂದು ನಾನು ಒಪಾಲ್‌ಗೆ ಹೇಳಿದೆ. "ಪೊಲೀಸರು ಅವನ ಬಾಗಿಲು ಬಡಿದ್ರೆ, ಕಳಿಸಿದ್ದು ನಾನು ಅಂತ ಅವನಿಗೆ ಗೊತ್ತಾದ್ರೆ, ಉಳಿದಿರೋ ಒಬ್ಬಳೂ ಹೋದ್ಲು ಅಂದ್ಕೋತಾನೆ ಎಲ್ಡನ್. ನೀನೇ ಏನಾದ್ರೂ ಮಾಡು. ಆಗದಿದ್ರೆ ನಾಳೆ ನಾನೇ ಅರ್ಜಿ ಹಾಕ್ತೀನಿ" ಎಂದು ಆಕೆ ಕುರ್ಚಿಯಲ್ಲಿ ಕೂತುಬಿಟ್ಟಳು.

ತಮ್ಮ ಮಹಿಮೆ ನೋಡಿ: ಅದೇ ವಾರ ತಮ್ಮ ಹೊಸ ಸುತ್ತೋಲೆ ಬಂದಿತ್ತು, ರೆಕ್ಕೆ ಇನ್ನು ಮುಂದೆ ಈಗಿರುವುದಕ್ಕಿಂತ ಕಾಲಿಂಚು ಹೆಚ್ಚು ಉದ್ದವಿರಬೇಕೆಂದು. ಅದನ್ನು ಓದಿ ನಾನು ಆಡಿದ ಮಾತುಗಳನ್ನು ಈ ಪತ್ರಿಕೆ ಅಚ್ಚು ಹಾಕುವುದಿಲ್ಲ. ಆದರೆ ಒಪಾಲ್‌ನ ಮುಂದೆಯೇ ಹಾರ್ಲನ್‌ಗೆ ಫೋನ್ ಮಾಡಿದೆ.

"ಹಾರ್ಲನ್, ನಿನ್ನ ರೆಕ್ಕೆ ಗಿಡ್ಡ ಆಯ್ತು ಮಾರಾಯ. ಇವತ್ತೇ ತಗೊಂಡು ಬಾ."

"ಇವತ್ತೇ ಬೇಕಾ?"

"ಇಟ್ಕೊಂಡಿದ್ರೆ ಕಾನೂನು ಮುರಿದ ಹಾಗೆ."

ಬಂದ. ಷರಟಿನ ಕಾಲರು ಕುತ್ತಿಗೆಯಿಂದ ಎರಡು ಬೆರಳು ದೂರ ನಿಂತಿತ್ತು. ರೈಫಲನ್ನು ಬೆಂಚಿನ ಮೇಲಿಟ್ಟು, "ಕೊನೇಗಾಲದಲ್ಲಿ ಕಾನೂನು ಮುರಿದೋನು ಅಂತ ಯಾಕೆ ಅನ್ನಿಸ್ಕೋಬೇಕು" ಎಂದು ನಕ್ಕ. ಅವನು ಹೋದ ಮೇಲೆ ಆ ರೈಫಲನ್ನು ಎಷ್ಟು ಚೂರು ಬಿಚ್ಚಬಹುದೋ ಅಷ್ಟು ಬಿಚ್ಚಿ, ಚೂರುಗಳನ್ನು ಬೇರೆ ಬೇರೆ ಬೀಗದೊಳಗೆ ಹಾಕಿದೆ.

ಆಮೇಲಿನದೆಲ್ಲ ತಮ್ಮ ಕೊಡುಗೆ. ಮಂಗಳವಾರ ಬಂದು ಕೇಳಿದ. ಪಾರ್ಟು ಬಂದಿಲ್ಲ ಎಂದೆ. ಮುಂದಿನ ಮಂಗಳವಾರ, ಬಂದದ್ದು ಎಡಗೈಯವರ ಪಾರ್ಟು ಎಂದೆ. ಅದರ ಮುಂದಿನ ವಾರ, ತಮ್ಮ ಕಚೇರಿ ಆ ಕಂಪನಿಯ ಪ್ಲಾಸ್ಟಿಕ್ಕನ್ನೇ ಪರಿಶೀಲನೆಯಲ್ಲಿಟ್ಟಿದೆ ಎಂದೆ. ತಮ್ಮ ಹೆಸರಿನಲ್ಲಿ ನಾನು ಹೇಳಿದ ಸುಳ್ಳು ಎಷ್ಟು ಅಸಂಬದ್ಧವಾಗಿದ್ದರೂ ಯಾರೂ ಅನುಮಾನಿಸುವುದಿಲ್ಲ ಎಂಬಷ್ಟು ವಿಶ್ವಾಸವನ್ನು ತಾವು ಜನರಲ್ಲಿ ಗಳಿಸಿದ್ದೀರಿ. ಅವನಿಗೆ ಸಿಟ್ಟು ಬರತೊಡಗಿತು. ಏಪ್ರಿಲಿನಿಂದ ಸಿಟ್ಟನ್ನೂ ಮರೆತಿದ್ದವನು ಅವನು. ಬೆಂಚಿನ ಪಕ್ಕ ಕೂತು ತಮ್ಮನ್ನು ಬೈಯುತ್ತಾ ಬೈಯುತ್ತಾ, ಒಪಾಲ್ ಕಳಿಸಿದ ಬೀನ್ಸು-ಮಾಂಸದ ಸಾರನ್ನು ಬಟ್ಟಲು ಖಾಲಿಯಾಗುವವರೆಗೆ ತಿಂದ. ತಮಗೆ ಹನ್ನೊಂದು ಪತ್ರ ಬರೆದ. ಬೈಯುವುದಕ್ಕೆ ಜೊತೆ ಬೇಕೆಂದು ದಿನವೂ ಬರತೊಡಗಿದ. ಬಂದವನು ಸುಮ್ಮನಿರಲಾರದೆ ನನ್ನ ತಿರುಪುಗಳನ್ನು ಅಳತೆಯ ಪ್ರಕಾರ ಡಬ್ಬಿಗಳಿಗೆ ತುಂಬಿದ. ಅಕ್ಟೋಬರಿನಲ್ಲಿ ಒಂದು ದಿನ, ನಡುವೆ ಬೈಗುಳ ನಿಲ್ಲಿಸಿ, "ಲೊರೇನ್ ಇದ್ದಿದ್ರೆ ಇವ್ರಿಗೆ ಸರಿಯಾಗಿ ಬರೀತಿದ್ಲು. ನನ್ನ ಕಾಗುಣಿತ ಸರಿ ಇಲ್ಲ" ಎಂದು ಅತ್ತ. ಆಕೆ ಹೋದ ಮೇಲೆ ಅವನು ಆಕೆಯ ಹೆಸರು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮರುವಾರ ಒಪಾಲ್ ಅವನನ್ನು ಡಾಕ್ಟರ ಬಳಿ ಕರೆದೊಯ್ದಾಗ ಬೇಡವೆನ್ನಲಿಲ್ಲ.

ಕಳೆದ ಸೋಮವಾರ ಕಾಫಿ ಲೋಟ ಹಿಡಿದು ಕೂತಿದ್ದವನು ಕೇಳಿದ: "ಎಲ್ಡನ್, ಆ ಪಾರ್ಟು ಬಂದು ಎಷ್ಟು ದಿನ ಆಯ್ತು?"

ನನಗೆ ಸುಳ್ಳು ಸಿಗಲಿಲ್ಲ. "ಹತ್ತು ವಾರ."

"ನಾನು ಮೂರನೇ ವಾರಕ್ಕೇ ನೋಡ್ದೆ. ತಿರುಪು ಹುಡುಕೋವಾಗ, ಎರಡನೇ ಡ್ರಾಯರಲ್ಲಿ."

"ಮತ್ತೆ ಕೇಳ್ಲಿಲ್ವಲ್ಲೋ?"

ಅವನು ಕಿಟಕಿಯಾಚೆ ಹೋಗುವ ಲಾರಿ ನೋಡಿದ. "ಕೇಳಿದ್ರೆ ನೀನು ಕೊಟ್ಟುಬಿಡ್ತಿದ್ದೆ. ಕೊಟ್ರೆ ನಾನು ಮನೆಗೆ ಹೋಗ್ಬೇಕಾಗ್ತಿತ್ತು. ಬಂದಿಲ್ಲ ಅಂತಲೇ ಇರ್ಲಿ ಬಿಡು."

ಹೀಗಾಗಿ, ಮಾನ್ಯರೇ, ನಾನು ಧರ್ಮಸಂಕಟದಲ್ಲಿದ್ದೇನೆ. ಮೂವತ್ತೊಂದು ವರ್ಷದಲ್ಲಿ ಕಂಡ ಅತ್ಯಂತ ಮೂರ್ಖ ಸುತ್ತೋಲೆಗೆ ನಾನು ಋಣಿಯಾಗಬೇಕಾಗಿ ಬಂದಿರುವುದೇ ನನ್ನ ದೂರು. ತಮ್ಮ ನಮೂನೆಯಲ್ಲಿ ನಲವತ್ತಮೂರು ಕಲಂಗಳಿವೆ. ತಿರುಪಿನ ದಪ್ಪಕ್ಕೂ ಒಂದಿದೆ. ಈತ ನಾಯಿಯನ್ನು ಯಾಕೆ ಕೊಟ್ಟುಬಿಟ್ಟ ಎಂದು ಕೇಳುವ ಕಲಂ ಇಲ್ಲ. ಅದನ್ನು ಸೇರಿಸುವ ತನಕವಾದರೂ ಮೂರು ತಿಂಗಳಿಗೊಮ್ಮೆ ಅಳತೆ ಬದಲಿಸುತ್ತಿರಬೇಕೆಂದೂ, ಒಮ್ಮೆ ಉದ್ದ, ಒಮ್ಮೆ ಗಿಡ್ಡ, ಸಾಧ್ಯವಾದರೆ ಒಮ್ಮೆ ಹಸಿರು ಬಣ್ಣ ಎಂದು ಆಜ್ಞಾಪಿಸುತ್ತಿರಬೇಕೆಂದೂ, ರಾಜ್ಯದ ಸಮಸ್ತ ಒಂಟಿ ಮನುಷ್ಯರೂ ವಾರಕ್ಕೊಮ್ಮೆ ಯಾರದ್ದಾದರೂ ಅಂಗಡಿಯಲ್ಲಿ ಕೂತು ತಮ್ಮನ್ನು ಬೈಯುವುದನ್ನು ಕಡ್ಡಾಯಗೊಳಿಸಬೇಕೆಂದೂ ವಿನಮ್ರವಾಗಿ ಪ್ರಾರ್ಥಿಸುತ್ತೇನೆ.

ತಮ್ಮ ಅಳತೆಗೆ ಸದಾ ಬದ್ಧನಾದ, ತಮ್ಮ ವಿಶ್ವಾಸಿ,
ಎಲ್ಡನ್ ಕ್ರೌಸ್

ಮರೆತ ಮಾತು: ಪಕ್ಕದ ಕಣಿವೆಯಿಂದ ನಿನ್ನೆ ಒಬ್ಬ ಹೆಂಗಸು ಫೋನ್ ಮಾಡಿದ್ದಳು, ಗಂಡನ ವಿಷಯಕ್ಕೆ. ಅರ್ಜಿ ಹಾಕಿದ್ದಾಳಂತೆ, ವಿಚಾರಣೆ ಸೋಮವಾರವಂತೆ, ಅಲ್ಲಿಯವರೆಗೆ ರೈಫಲ್ ಮನೆಯಲ್ಲೇ ಇರುತ್ತದಂತೆ. ಆತನ ರೈಫಲ್ಲಿಗೆ ರೆಕ್ಕೆ ಕೂರಿಸಿದವನು ನಾನೇ. ಅದರಲ್ಲಿ ತಮ್ಮ ನಿಯಮದ ಪ್ರಕಾರ ಒಂದೇ ಒಂದು ದೋಷವಿಲ್ಲ. ದಯವಿಟ್ಟು ಈ ಶುಕ್ರವಾರದೊಳಗೆ ಒಂದು ಹುಡುಕಿಕೊಡಿ.